ಗಾಡಿ ಬಿಟ್ಟರು, ನನ್ನನ್ನು ಬಿಡಲಿಲ್ಲ

"ಗಾಡಿ ನನ್ನ ಎಸರಲ್ಲೈತೆ, ಸರಿ. ಆದ್ರೆ ಇಲ್ಲಿ ನಿಲ್ಸಿದ್ದು ನಾನಲ್ಲ, ಚೀಟಿ ಕಳ್ದಿದ್ದೂ ನಾನಲ್ಲ. ನನ್ನತ್ರ ಯಾಕಣ್ಣ ದಂಡ ಕೇಳ್ತೀಯ?"

ಬಂಗಾರಪೇಟೆ ರೈಲು ನಿಲ್ದಾಣದ ಬಳಿಯ ಖಾಸಗಿ ಪಾರ್ಕಿಂಗ್ ಸ್ಟ್ಯಾಂಡಿನಲ್ಲಿ, ಕ್ಯಾಸಂಬಳ್ಳಿಯಲ್ಲಿ ಹುಟ್ಟಿ ಬೆಳೆದ ನನ್ನ ಹೆಂಡತಿ ಹೀಗೆ ಕೇಳಿದಾಗ ನನಗೆ ಎದೆಯುಬ್ಬಿತು. ಸ್ಕೂಟರಿನ ಚೀಟಿ ಕಳೆದಿದ್ದಕ್ಕೆ ಸ್ಟ್ಯಾಂಡಿನವನು ಮುನ್ನೂರು ರೂಪಾಯಿ ದಂಡ ಕೇಳಿದ್ದ. ಕೊಡುವುದಿಲ್ಲ ಎಂದು ನಾನು ಜಗಳಕ್ಕೆ ನಿಂತೆ. "ಆರ್‌ಸಿ ನಿಮ್ಮ ಎಸರಲ್ಲಿಲ್ಲ, ಓನರ್ನ ಕರೀರಿ" ಅಂದ. ಅದಕ್ಕೇ ಅವಳನ್ನು ಉರಿಗಾಂನ ಮನೆಯಿಂದ ಕರೆಸಿದ್ದೆ.

ಅವನು ಸ್ವಲ್ಪ ಯೋಚಿಸಿದ. "ಮತ್ತೆ ನಿಲ್ಸಿದ್ದು ಯಾರಕ್ಕಾ?"

ಅವಳು ತಿರುಗಿಯೂ ನೋಡದೆ ನನ್ನತ್ತ ಬೆರಳು ತೋರಿಸಿದಳು.

ಅವನಿಗೆ ನ್ಯಾಯ ಒಪ್ಪಿಗೆಯಾಯಿತು. ಆರ್‌ಸಿ ನೋಡಿ, ಸ್ಕೂಟರನ್ನು ತಾನೇ ಹೊರಗೆ ತಂದು ಅವಳ ಕೈಗೆ ಕೊಟ್ಟ. ಅವಳು ಹೆಲ್ಮೆಟ್ ಹಾಕಿಕೊಂಡು, "ಬರ್ತಾ ಸೊಪ್ಪು ತನ್ನಿ" ಎಂದು ಹೇಳಿ ಹೊರಟೇಹೋದಳು. ಸ್ಕೂಟರ್ ನಿಂತಿದ್ದ ಜಾಗದಲ್ಲಿ ಈಗ ನಾನು ನಿಂತಿದ್ದೆ.

ಸ್ಟ್ಯಾಂಡಿನವನು ಕುರ್ಚಿ ಎಳೆದು ಹಾಕಿ ಮರ್ಯಾದೆಯಿಂದಲೇ ಕೇಳಿದ: "ಕೂತ್ಕಳಿ ಸಾರ್. ನಿಮ್ಮನ್ನ ಬಿಡಿಸ್ಕೊಂಡೋಗಾಕೆ ಯಾರಾನ ಬತ್ತಾರಾ?"

ದಂಡ ಕಟ್ಟಿ, ಸೊಪ್ಪು ಹಿಡಿದು, ಬಸ್ಸಿನಲ್ಲಿ ನಿಂತೇ ಮನೆಗೆ ಬಂದೆ. ಸ್ಕೂಟರ್ ಕೊಳ್ಳುವಾಗ, ಯಾರ ಹೆಸರಲ್ಲಿದ್ದರೇನು ಎಂದು ದೊಡ್ಡ ಮನಸ್ಸು ಮಾಡಿದವನು ನಾನೇ. ಸ್ಟ್ಯಾಂಡಿನವನ ಪ್ರಶ್ನೆಗೆ ಉತ್ತರ ದಾರಿಯಲ್ಲಿ ಹೊಳೆಯಿತು: ನನ್ನ ಓನರ್ ಆಗಲೇ ಬಂದು ಹೋಗಿದ್ದರು.