ಮಾರ್ಜಿನ್ ಬಿಡದ ಮಾಸ್ಟರ್

ಮಾರುಕಟ್ಟೆ ಹಿಂದಿನ ಓಣಿಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡಿದ್ದ ನಮ್ಮ ಟೈಲರನ್ನು ಎಲ್ಲರೂ ಕರೆಯುತ್ತಿದ್ದದ್ದು ಟೈಟ್ ಮಾಸ್ಟರ್ ಅಂತ. ಹೆಸರು ಸುಮ್ಮನೆ ಬಂದದ್ದಲ್ಲ. ಈ ಮಹಾಶಯರು ಹೊಲಿಗೆಯ ಒಳಗೆ ಒಂದೆಳೆ ಬಟ್ಟೆ ಹೆಚ್ಚಿಗೆ ಬಿಡುತ್ತಿರಲಿಲ್ಲ. "ಮಾರ್ಜಿನ್ ಬಿಡೋದು ಕತ್ತರಿ ಮೇಲೆ ನಂಬಿಕೆ ಇಲ್ಲದೋರು," ಅನ್ನುತ್ತಿದ್ದರು. ಗಿರಾಕಿ ನಾಲ್ಕು ದಿನ ಚೆನ್ನಾಗಿ ಉಂಡರೆ ಸಾಕು, ಪ್ಯಾಂಟು ಸೊಂಟದ ಹತ್ತಿರ ಬಾಯಿ ಬಿಡುತ್ತಿತ್ತು. ಅವನು ಬೈಯುತ್ತಾ ವಾಪಸ್ ತಂದರೆ ಮಾಸ್ಟರು ಕನ್ನಡಕ ಏರಿಸಿ, "ತಪ್ಪು ಪ್ಯಾಂಟಿಂದಲ್ಲ ಸ್ವಾಮಿ, ಹೊಟ್ಟೇದು," ಅಂತ ಕೈ ತೊಳೆದುಕೊಳ್ಳುತ್ತಿದ್ದರು.

ಈಗ ಅವರ ಹೊಟ್ಟೆಯೇ ತಪ್ಪು ಮಾಡಿತ್ತು. ಗ್ಯಾಸು ಅಂತ ಸ್ಕ್ಯಾನ್ ಮಾಡಿಸಲು ಹೋದರೆ, ಹೃದಯದಿಂದ ಹೊಟ್ಟೆಗೆ ಇಳಿಯುವ ದೊಡ್ಡ ರಕ್ತನಾಳ ಒಂದು ಕಡೆ ಬಲೂನಿನ ಹಾಗೆ ಉಬ್ಬಿದೆ, ಒಡೆದರೆ ಆಸ್ಪತ್ರೆಗೆ ಬರುವಷ್ಟು ಹೊತ್ತೂ ಸಿಗಲಿಕ್ಕಿಲ್ಲ ಅಂದರು ಅಲ್ಲಿನ ಡಾಕ್ಟರು. ದಾರಿ ಎರಡೇ. ಹೊಟ್ಟೆ ಬಿಚ್ಚಿ, ಉಬ್ಬಿದ ಜಾಗದಲ್ಲಿ ಬಟ್ಟೆಯ ಕೊಳವೆ ಇಟ್ಟು ಹೊಲಿಯುವುದು. ಇಲ್ಲವೇ ತೊಡೆಸಂದಿಯಲ್ಲಿ ಸಣ್ಣ ತೂತು ಮಾಡಿ, ರಕ್ತನಾಳದ ಒಳಗಿಂದಲೇ ಮಡಚಿದ ಕೊಳವೆ ಕಳಿಸಿ, ಅಲ್ಲೇ ಬಿಡಿಸಿ ಕೂರಿಸುವುದು. ಹಾಗೆ ಕೂರಿಸಿದರೆ ಬದುಕಿರೋವರೆಗೂ ಆಗಾಗ ಸ್ಕ್ಯಾನ್ ಮಾಡಿಸುತ್ತಿರಬೇಕು.

ಮಾಸ್ಟರು ಓಣಿಗೆಲ್ಲ ಸಾರಿಬಿಟ್ಟರು: "ನಂದು ತೂತಿನ ಆಪರೇಷನ್. ಲೈನಿಂಗ್ ಹಾಕಿದಂಗೆ, ಅಷ್ಟೇ. ಇವತ್ತು ಹೋದ್ರೆ ನಾಲ್ಕು ದಿನಕ್ಕೆ ಮಿಷನ್ ಮೇಲೆ!" ನಿಜ ಏನಪ್ಪಾ ಅಂದರೆ, ಇಷ್ಟು ವರ್ಷ ಊರವರ ಬಟ್ಟೆಗೆಲ್ಲ ಕತ್ತರಿ ಹಾಕಿದ ಈ ವೀರರು, ಬೆರಳಿಗೆ ಸೂಜಿ ಚುಚ್ಚಿದರೆ ಹೆಂಡತಿಯನ್ನು ಕೂಗಿ ಕಣ್ಣು ಮುಚ್ಚಿಕೊಳ್ಳುವ ಪೈಕಿ. ಯಾರಾದರೂ ಹೊಟ್ಟೆ ಬಿಚ್ಚುವ ಮಾತೆತ್ತಿದರೆ ಸಾಕು, ಮತ್ತೆ ಲೈನಿಂಗ್ ಕಥೆ ಶುರು ಮಾಡುತ್ತಿದ್ದರು.

ಆಪರೇಷನ್ ಮಾಡುವ ಡಾಕ್ಟ್ರಮ್ಮ ಸ್ಕ್ಯಾನ್ ನೋಡಿ ತಲೆ ಅಲ್ಲಾಡಿಸಿದರು. "ಮಾಸ್ಟರ್, ನಿಮಗೆ ಒಳಗಿಂದ ಮಾಡೋಕಾಗಲ್ಲ. ನಿಮ್ಮ ನೆಕ್ ತುಂಬಾ ಚಿಕ್ಕದು."

ಮಾಸ್ಟರಿಗೆ ರೇಗಿತು. ಅಳತೆ ವಿಷಯಕ್ಕೆ ಬಂದರೆ ಬಿಟ್ಟಾರೆಯೇ! ಜೇಬಿನಿಂದ ಟೇಪು ಎಳೆದು ಕತ್ತಿಗೆ ಸುತ್ತಿ, "ಹದಿನೈದೂವರೆ! ಮದುವೆ ದಿನದಿಂದ ಇಷ್ಟೇ! ಬೇಕಾದ್ರೆ ನೀವೇ ನೋಡಿ!" ಅಂದರು. ಪಕ್ಕದಲ್ಲಿದ್ದ ಹೆಂಡತಿ ಮುಖ ಗೋಡೆ ಕಡೆ ತಿರುಗಿಸಿಕೊಂಡರು.

ಡಾಕ್ಟ್ರಮ್ಮ ನಗು ನುಂಗಿಕೊಂಡರು. "ಆ ಕತ್ತಲ್ಲ ಮಾಸ್ಟರ್. ಉಬ್ಬಿಗಿಂತ ಮೇಲ್ಗಡೆ ರಕ್ತನಾಳ ಚೆನ್ನಾಗಿರೋ ಭಾಗಕ್ಕೆ ನಾವು ನೆಕ್ ಅಂತೀವಿ. ಕೊಳವೆ ಕಚ್ಚಿ ಹಿಡಿಯೋದು ಅಲ್ಲೇ. ನಿಮಗೆ ಅದು ಇರೋದೇ ಇಷ್ಟು," ಅಂತ ಉಗುರಿನ ತುದಿ ತೋರಿಸಿದರು. "ಹಿಡಿತ ಸಿಗದೆ ಜಾರಿದ್ರೆ ಸೋರುತ್ತೆ. ನಿಮ್ಮ ಹೃದಯ, ಶ್ವಾಸಕೋಶ ಗಟ್ಟಿಯಾಗಿವೆ. ಬಿಚ್ಚಿ ಹೊಲಿಯೋದೇ ವಾಸಿ."

ಮಾಸ್ಟರು ಟೇಪನ್ನು ಮೆಲ್ಲಗೆ ಕತ್ತಿನಿಂದ ತೆಗೆದರು. "ಅಂದ್ರೆ, ಮಾರ್ಜಿನ್ ಬಿಟ್ಟಿಲ್ಲ."

"ಹೂಂ, ಹಾಗೇ ಅನ್ಕೊಳ್ಳಿ."

"ಅಯ್ಯೋ ದೇವರೇ! ನನ್ನ ಹೊಲಿದೋನೂ ನನ್ನಂಥ ಟೈಲರ್ರೇ!"

ಹೆಂಡತಿ ಈ ಸಲ ತಡೆಯಲಾರದೆ ಗೊಳ್ಳೆಂದು ನಕ್ಕರು. ನಗುತ್ತಲೇ ಗಂಡನ ಕೈ ಹಿಡಿದುಕೊಂಡರೆ ಅದು ತಣ್ಣಗಿತ್ತು.

ಆಸ್ಪತ್ರೆಗೆ ಸೇರುವ ಹಿಂದಿನ ದಿನ ಮಾಸ್ಟರು ತಮಗೇ ಒಂದು ಅಂಗಿ ಹೊಲಿದರು, ಮನೆಗೆ ಬರುವಾಗ ಹಾಕಿಕೊಳ್ಳಲು. ಗುಂಡಿ, ಕಾಜಾ ಯಾವತ್ತೂ ಹೆಂಡತಿಯ ಕೆಲಸ. ಆಕೆ ಅಂಗಿಯ ಒಳಮೈ ತಿರುಗಿಸಿ ನೋಡಿದರೆ, ಎರಡೂ ಪಕ್ಕಕ್ಕೆ ಎರಡೆರಡು ಬೆರಳು ಬಟ್ಟೆ ಬಿಟ್ಟಿದೆ!

"ರೀ, ಇದೇನಿದು? ಅಳತೆ ತಪ್ತಾ?"

"ಇಲ್ಲ ಕಣೇ," ಮಾಸ್ಟರು ಮಿಷನ್ನಿಂದ ತಲೆ ಎತ್ತಲಿಲ್ಲ. "ಮುಂದೆ ದಪ್ಪ ಆದ್ರೆ ಬೇಕಾಗುತ್ತೆ."

ಆಕೆ ಸೂಜಿ ಕೈಗೆತ್ತಿಕೊಂಡರು. ದಾರ ಪೋಣಿಸಲು ಹೋದರೆ ಸೂಜಿಯ ಕಣ್ಣೇ ಕಾಣಲಿಲ್ಲ.

ಮಾಸ್ಟರು ಬದುಕಿದರು. ಎದ್ದು ಕೂತ ದಿನವೇ ಹೊಟ್ಟೆ ನೋಡಿಕೊಂಡು, "ಹೊಲಿಗೆ ಹೊಕ್ಕಳ ಹತ್ರ ಸೊಟ್ಟ ಆಗಿದೆ," ಅಂತ ಡಾಕ್ಟ್ರಮ್ಮನಿಗೇ ತಪ್ಪು ತೋರಿಸಿದರು. ಆದರೆ ಮನೆಗೆ ಬರುವ ಹೊತ್ತಿಗೆ ಎಷ್ಟು ಸೊರಗಿದ್ದರೆಂದರೆ ಅಂಗಿ ಗೂಟಕ್ಕೆ ನೇತುಹಾಕಿದ ಹಾಗಿತ್ತು. ನೋಡಲಾರದೆ ಹೆಂಡತಿ, ಪಕ್ಕ ಹಿಡಿದು ಹೊಲಿದು ಹೆಚ್ಚಿನ ಬಟ್ಟೆ ತೆಗೆದುಬಿಡೋಣ ಅಂತ ಕತ್ತರಿ ತಂದರು.

"ಏಯ್, ಕತ್ತರಿ ಕೆಳಗಿಡು!" ಟೈಟ್ ಮಾಸ್ಟರು ಹೊಟ್ಟೆ ಅದುಮಿಕೊಂಡು ಕೂಗಿದರು. "ಒಳಗೆ ಮಡಚಿ ಹೊಲಿ. ಆ ಬಟ್ಟೆ ನಂಗೆ ಬೇಕು."