ಗಟ್ಟಿ ಫೋನು

ನನ್ನ ಕೈಯಲ್ಲಿ ಫೋನು ನಿಲ್ಲುವುದಿಲ್ಲ. ಇದನ್ನು ನಾಚಿಕೆಯಿಂದಲೇ ಹೇಳುತ್ತಿದ್ದೇನೆ, ಆದರೆ ಪಶ್ಚಾತ್ತಾಪದಿಂದಲ್ಲ. ತಪ್ಪು ನನ್ನದೋ ಫೋನಿನದೋ ಎನ್ನುವುದು ಇನ್ನೂ ತೀರ್ಮಾನವಾಗಿಲ್ಲ. ಬೇರೆಯವರ ಕೈಯಲ್ಲಿ ವರ್ಷಗಟ್ಟಲೆ ತೆಪ್ಪಗಿರುವ ವಸ್ತು ನನ್ನ ಕೈಗೆ ಬಂದ ಕೂಡಲೇ ನೆಲ ನೋಡಲು ಹಾತೊರೆಯುತ್ತದೆ. ಒಂದು ಫೋನು ದೋಸೆ ಹಿಟ್ಟಿನಲ್ಲಿ ಮುಳುಗಿ ತೀರಿಕೊಂಡಿತು. ಇನ್ನೊಂದು, ನಾನು ಶೂ ಲೇಸು ಕಟ್ಟಲು ಬಗ್ಗಿದಾಗ ಜೇಬಿನಿಂದ ಜಾರಿ ಬೈಯಪ್ಪನಹಳ್ಳಿ ಮೆಟ್ರೋ ನಿಲ್ದಾಣದ ಮೆಟ್ಟಿಲುಗಳನ್ನು ನನಗಿಂತ ಮೊದಲು ಇಳಿದುಹೋಯಿತು. ತೀರಾ ಈಚಿನದನ್ನು ಹಲಸೂರು ಕೆರೆಯ ಪಕ್ಕ ನಿಂತು, ನೀರಿಗೆ ಬೀಳದಿರಲಿ ಎಂದು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದೆ. ಅದು ಹಿಂದಕ್ಕೆ ಹಾರಿ ರಸ್ತೆಗೆ ಬಿತ್ತು. ಮೇಲೆ ಒಂದು ಆಟೋ ಹೋಯಿತು. ಆಟೋದವರು ಗಾಡಿ ನಿಲ್ಲಿಸಿ, "ಏನೋ ಚಟಕ್ ಅಂತಲ್ಲ ಸಾರ್" ಎಂದು ತಮ್ಮ ಚಕ್ರವನ್ನು ಪರೀಕ್ಷಿಸಿಕೊಂಡು, ಏನೂ ಆಗಿಲ್ಲವೆಂದು ಸಮಾಧಾನಪಟ್ಟು ಹೊರಟುಹೋದರು.

ಫೋನೇ ಬೇಡವೆಂದು ಸನ್ಯಾಸ ತೆಗೆದುಕೊಳ್ಳಲು ಹೊಟ್ಟೆಪಾಡು ಬಿಡುವುದಿಲ್ಲ. ಇಂದಿರಾನಗರದಲ್ಲಿ ನೀರಿನ ಫಿಲ್ಟರು ಮಾರುವ ಒಂದು ಸಣ್ಣ ಕಂಪನಿಯಲ್ಲಿ ಗ್ರಾಹಕರ ದೂರುಗಳಿಗೆ ಇಮೇಲಿನಲ್ಲಿ ಉತ್ತರ ಬರೆಯುವುದು ನನ್ನ ಕೆಲಸ. ಜನ ದೂರು ಬರೆಯುವುದು ಬಾಯಾರಿದಾಗ, ಬಾಯಾರಿಕೆಗೆ ಆಫೀಸಿನ ವೇಳೆ ಗೊತ್ತಿಲ್ಲ. ಹಾಗಾಗಿ ಇಮೇಲು ಸದಾ ಜೇಬಿನಲ್ಲಿರಬೇಕು. ಆದರೆ ಈ ಸಲದ ಅವಸರಕ್ಕೆ ಇನ್ನೂ ಒಂದು ಕಾರಣವಿತ್ತು. ಅದನ್ನು ಹೇಳಬೇಕಾದರೆ ಮೊದಲು ನಮ್ಮ ಮನೆಯೊಡತಿ ಪಿಳ್ಳಮ್ಮನವರ ವಿಷಯ ಹೇಳಬೇಕು.

ಪಿಳ್ಳಮ್ಮನವರು ಬೈಯಪ್ಪನಹಳ್ಳಿ ನಿಜವಾಗಿ ಹಳ್ಳಿಯಾಗಿದ್ದ ಕಾಲದವರು. ಅವರ ಮನೆಯವರು ರಾಗಿ, ಅವರೆ, ಸೊಪ್ಪು ಬೆಳೆದ ಕಡೆಯಲ್ಲೆಲ್ಲ ಈಗ ಬಾಡಿಗೆ ಮನೆಗಳು ಬೆಳೆದಿವೆ. ಅಂಥದೊಂದರ ಮೂರನೇ ಮಹಡಿಯಲ್ಲಿ ನಾನೂ ನನ್ನ ಹೆಂಡತಿ ಸುಮಿತ್ರೆಯೂ ಬಹಳ ವರ್ಷಗಳಿಂದ ಇದ್ದೇವೆ. ಕೆಳಗೆ ಹಿಂಭಾಗದಲ್ಲಿ ಪಿಳ್ಳಮ್ಮನವರ ಸಂಸಾರ. ಮುಂಭಾಗದ ಮನೆಯಲ್ಲಿ ಅವರ ನೇಗಿಲು, ನೊಗ, ರಾಗಿ ತುಂಬುವ ಮಣ್ಣಿನ ವಾಡೆಗಳು. ಆ ಮನೆಯನ್ನು ಬಾಡಿಗೆಗೆ ಕೇಳಿಕೊಂಡು ಬಂದವರಿಗೆಲ್ಲ ಅವರು "ಅಲ್ಲಿ ಜನ ಅವ್ರೆ" ಎಂದು ಹೇಳಿ ಕಳಿಸುತ್ತಿದ್ದರು.

ನಮ್ಮ ಮೇಲೆ ಅವರಿಗೆ ವಿಪರೀತ ಪ್ರೀತಿ. ಸೊಪ್ಪಿನ ಸಾರು ಮಾಡಿದರೆ ಒಂದು ಪಾತ್ರೆ ಮೂರನೇ ಮಹಡಿಗೆ ಬಂದೇ ಬರುತ್ತದೆ. ಆದರೆ ಅವರ ಪ್ರೀತಿಯಲ್ಲಿ ಬಿಟ್ಟುಹೋಗುವುದು ಎನ್ನುವ ಅಧ್ಯಾಯವೇ ಇಲ್ಲ. ನಮಗಿಂತ ಮುಂಚೆ ಆ ಮನೆಯಲ್ಲಿದ್ದವರು ಕ್ರಮವಾಗಿ ನೋಟಿಸು ಕೊಟ್ಟು, ಕೈಮುಗಿದು, ಸಿಹಿ ಹಂಚಿ ಹೋದವರು. ಅವರನ್ನು ಪಿಳ್ಳಮ್ಮ ಇವತ್ತಿಗೂ 'ಓಡೋದೋರು' ಎಂದೇ ಕರೆಯುತ್ತಾರೆ.

ನಮಗೆ ಈಗ ಓಡಿಹೋಗಬೇಕಾಗಿತ್ತು. ಸುಮಿತ್ರೆಯ ಮಂಡಿಗಳು ಮೂರು ಮಹಡಿ ಹತ್ತಲು ಒಪ್ಪುತ್ತಿರಲಿಲ್ಲ. ತರಕಾರಿ ತರಲು ಇಳಿದರೆ ಹತ್ತುವಾಗ ಮೆಟ್ಟಿಲ ಮಧ್ಯೆ ಕೂತು ಅಲ್ಲೇ ಬೀನ್ಸು ಬಿಡಿಸುತ್ತಿದ್ದಳು. ಕಲ್ಯಾಣ ನಗರದಲ್ಲಿ ಒಂದು ನೆಲಮಹಡಿಯ ಮನೆ ನೋಡಿಟ್ಟೆವು. ಪಿಳ್ಳಮ್ಮನವರಿಗೆ ಹೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಅವರಿಗೆ ಕಿವಿ ಮಂದ ಎನ್ನುವ ಒಂದೇ ಭರವಸೆಯ ಮೇಲೆ, ಅವರ ಎದುರಿಗೇ ನಿಂತು ಪಿಸುಗುಟ್ಟುತ್ತ ಎಲ್ಲ ಪಿತೂರಿ ನಡೆಸಿದ್ದೆವು. ಕಲ್ಯಾಣ ನಗರದ ಮನೆಯವರು ನಿವೃತ್ತ ಕನ್ನಡ ಮೇಷ್ಟ್ರು. ಬಾಯಿಮಾತಿನಲ್ಲಿ ಅವರಿಗೆ ನಂಬಿಕೆಯಿಲ್ಲ. ಕೊಡುವುದೋ ಬಿಡುವುದೋ ಇಮೇಲಿನಲ್ಲೇ ತಿಳಿಸುತ್ತೇನೆ, ಅದಕ್ಕೆ ವಾರದೊಳಗೆ ಉತ್ತರ ಬಾರದಿದ್ದರೆ ಬೇರೆಯವರಿಗೆ ಕೊಡುತ್ತೇನೆ ಎಂದಿದ್ದರು. ಸರಿಯಾಗಿ ಅದೇ ಹೊತ್ತಿಗೆ ನನ್ನ ಫೋನಿನ ಮೇಲೆ ಆಟೋ ಹೋದದ್ದು.

"ಈ ಸಲ ಬಣ್ಣ ನೋಡ್ಬೇಡಿ, ಕ್ಯಾಮೆರಾ ನೋಡ್ಬೇಡಿ" ಎಂದಳು ಸುಮಿತ್ರೆ. "ಗಟ್ಟಿ ಇರೋದು ತಗೊಳ್ಳಿ. ಬೇರೇನೂ ಕೇಳ್ಬೇಡಿ, ಗಟ್ಟಿ ಫೋನ್ ಕೊಡಿ ಅಂತ ಕೇಳಿ, ಅಷ್ಟೇ."

ಗಟ್ಟಿ ಫೋನು ಹುಡುಕುವುದು ಸುಲಭದ ಕೆಲಸವಲ್ಲ. ಇಂಟರ್ನೆಟ್ಟಿನಲ್ಲಿ ಫೋನುಗಳನ್ನು ಮಹಡಿಯಿಂದ ಎಸೆದು ತೋರಿಸುವವರಿದ್ದಾರೆ. ಅವರು ಎಸೆದ ಫೋನು ಒಡೆಯುವುದಿಲ್ಲ, ಏಕೆಂದರೆ ಅವರು ಬೇಕೆಂದೇ ಎಸೆಯುತ್ತಾರೆ. ನನ್ನ ಹಾಗೆ ಬೇಡಬೇಡವೆಂದುಕೊಂಡು ಬೀಳಿಸಿ ನೋಡಲಿ. ಹಲಸೂರಿನ ಒಂದು ಅಂಗಡಿಯಲ್ಲಿ ಇದರ ಗಾಜು ಕಲ್ಲಿಗೆ ಬಡಿದರೂ ಒಡೆಯುವುದಿಲ್ಲ ಎಂದರು. ಹಾಗಾದರೆ ಒಡೆದರೆ ಬದಲಾಯಿಸಿ ಕೊಡುತ್ತೀರಾ ಎಂದು ಕೇಳಿದೆ. ಬೀಳಿಸಿದರೆ ಕೊಡುವುದಿಲ್ಲ ಎಂದರು. ಬೀಳದೆ ಹೇಗೆ ಒಡೆಯುತ್ತದೆ ಎಂದು ಕೇಳಿದ್ದಕ್ಕೆ, "ಅದಕ್ಕೇ ಸಾರ್, ಒಡೆಯೋದೇ ಇಲ್ಲ" ಎಂದರು. ಈ ತರ್ಕಕ್ಕೆ ಕೈಮುಗಿದು ಅಂಗಡಿಯ ಮೆಟ್ಟಿಲಿಳಿದೆ. ಮೇಲಾಗಿ, ಎಷ್ಟು ತೆಳ್ಳಗಿದೆ ನೋಡಿ ಎಂದು ಹೊಗಳಿ ಮಾರಿದವರೇ ಆಮೇಲೆ ಅದಕ್ಕೊಂದು ದಪ್ಪ ರಬ್ಬರಿನ ಕವಚ, ಗಾಜಿನ ಮೇಲೆ ಇನ್ನೊಂದು ಗಾಜು, ಕುತ್ತಿಗೆಗೆ ಹಗ್ಗ ಎಲ್ಲ ತೊಡಿಸುತ್ತಾರೆ. ಕೊನೆಗೆ ಮನೆಗೆ ಬರುವ ವಸ್ತು ಸ್ವೆಟರು ಹಾಕಿದ ಇಟ್ಟಿಗೆಯಂತಿರುತ್ತದೆ.

ಹೀಗೆ ಸೋತು ಶಿವಾಜಿನಗರಕ್ಕೆ ಹೋದೆ. ಅಲ್ಲಿ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಸಲೀಂ ಭಾಯ್ ಎಂಬುವರ ಸಣ್ಣ ಅಂಗಡಿ. ನಾನು ಹೆಂಡತಿ ಕಲಿಸಿದ ಪಾಠವನ್ನು ಒಪ್ಪಿಸಿದೆ.

"ಗಟ್ಟಿ ಫೋನ್ ಬೇಕಿತ್ತು."

"ಆವೋ ಸಾರ್, ಕೂತ್ಕೊಳ್ಳಿ. ಗಟ್ಟಿ ಬೇಕಾ? ಇದು ನೋಡಿ, ಏಕ್‌ದಮ್ ಗಟ್ಟಿ. ಇಡೀ ಶಿವಾಜಿನಗರದಲ್ಲಿ ಇದ್ಕಿಂತ ಗಟ್ಟಿ ಇಲ್ಲ."

"ಬಿದ್ರೆ?"

"ಬಿದ್ರೇನಾಯ್ತು ಸಾರ್? ಬಿದ್ದಲ್ಲಿಂದಾನೂ ಗಟ್ಟಿ. ಬಸ್ಸಲ್ಲಿ ಗಟ್ಟಿ, ಮಾರ್ಕೆಟಲ್ಲಿ ಗಟ್ಟಿ. ನಮ್ ಅಬ್ಬಾಗೂ ಇದೇ ಕೊಡ್ಸಿದೀನಿ."

ಮಾರುಕಟ್ಟೆಯಲ್ಲಿ ಗಟ್ಟಿ ಎನ್ನುವ ಮಾತು ನನಗೆ ಸ್ವಲ್ಪ ವಿಚಿತ್ರವೆನಿಸಿತು. ನೂಕುನುಗ್ಗಲಿನಲ್ಲೂ ಒಡೆಯುವುದಿಲ್ಲ ಎಂದಿರಬೇಕು ಎಂದುಕೊಂಡೆ. ಇಮೇಲು ಬರುತ್ತದೆಯೇ ಎಂದು ಕೇಳಿದೆ. "ಬರೋದೇನು ಸಾರ್, ಓದಿ ಹೇಳತ್ತೆ" ಎಂದು ಹೇಳಿ ಸಲೀಂ ಭಾಯ್ ಅದರ ಹೊಟ್ಟೆಯೊಳಗೆ ಏನೇನೋ ಒತ್ತಿ ಸರಿಪಡಿಸಿ ಕೊಟ್ಟರು. ಅಷ್ಟು ಸಂತೋಷದಿಂದ ನಾನು ಯಾವ ಅಂಗಡಿಯಿಂದಲೂ ಹೊರಬಂದಿರಲಿಲ್ಲ.

ಮೆಟ್ರೋದಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಲಸೂರು ದಾಟುತ್ತಿದ್ದಂತೆ ನನ್ನ ಜೇಬಿನಿಂದ ಒಂದು ಹೆಣ್ಣು ದನಿ ಇಡೀ ಬೋಗಿಗೆ ಕೇಳುವಂತೆ ಸಾರಿತು: "ಹೊಸ ಇಮೇಲ್. ನಿಮ್ಮ ಫಿಲ್ಟರಿನ ನೀರಿನಲ್ಲಿ ಮೀನಿನ ವಾಸನೆ ಬರುತ್ತಿದೆ. ನಾವು ಸಸ್ಯಾಹಾರಿಗಳು. ಇದಕ್ಕೆ ಯಾರು ಹೊಣೆ?" ಇಂದಿರಾನಗರದಲ್ಲಿ ಇಳಿಯಲು ಸಿದ್ಧರಾಗಿದ್ದವರೂ ತಿರುಗಿ ನೋಡಿದರು. ನಾನು ಒತ್ತಬಾರದ್ದನ್ನೆಲ್ಲ ಒತ್ತಿದೆ. ಅದು ಮತ್ತೆ ಮೊದಲಿನಿಂದ ಓದಿತು. ಎದುರಿನ ಸೀಟಿನ ಹಿರಿಯರೊಬ್ಬರಿಗೆ ಕನಿಕರ ಬಂದು, "ಫಿಲ್ಟರ್ ಒಳಗಿನ ಕ್ಯಾಂಡಲ್ ಬದಲಾಯಿಸೋಕೆ ಹೇಳಿ ಸಾರ್" ಎಂದರು. ನಾನು ಎಲ್ಲರಿಗೂ ಬರೆಯುವ ಉತ್ತರವೂ ಅದೇ.

ಆಗ ಹೊಳೆಯಿತು ಎಲ್ಲಿ ಎಡವಿದ್ದು ಎಂದು. ಸಲೀಂ ಭಾಯ್ ಮೋಸ ಮಾಡಿರಲಿಲ್ಲ, ಮಾಡಿದ್ದು ಕನ್ನಡ. ಗಟ್ಟಿ ಎನ್ನುವ ಪದವನ್ನು ನಾವು ಬಳಸುವ ರೀತಿ ನೋಡಿ. ಗಟ್ಟಿ ಮೊಸರು ಎಂದರೆ ಕೂಗಾಡುವ ಮೊಸರಲ್ಲ. ಗಟ್ಟಿಯಾಗಿ ಹಾಡುವವರನ್ನು ಯಾರೂ ಸುತ್ತಿಗೆಯಿಂದ ತಟ್ಟಿ ನೋಡುವುದಿಲ್ಲ. ಗಟ್ಟಿ ಕುಳ, ಗಟ್ಟಿ ಮನಸ್ಸು, ಚಿನ್ನದ ಗಟ್ಟಿ, ಎಲ್ಲಕ್ಕೂ ಒಂದೇ ಪದ ಸಾಕೆಂದು ಜಿಪುಣತನ ಮಾಡಿದವರು ನಾವೇ. ಮದುವೆಯಲ್ಲಿ ತಾಳಿ ಕಟ್ಟುವ ಹೊತ್ತಿಗೆ ಪುರೋಹಿತರು 'ಗಟ್ಟಿಮೇಳ, ಗಟ್ಟಿಮೇಳ' ಎಂದು ಕೈ ಬೀಸುತ್ತಾರಲ್ಲ, ಅದು ಓಲಗ ಜೋರಾಗಲಿ ಎಂದೋ ಮದುವೆ ಬಾಳಿಕೆ ಬರಲಿ ಎಂದೋ ನನಗೆ ಇನ್ನೂ ತಿಳಿಯದು. ನನ್ನ ಮದುವೆಯಲ್ಲಿ ಓಲಗ ಜೋರಾಗಿತ್ತು, ಮದುವೆಯೂ ಉಳಿದಿದೆ. ಇನ್ನು ಸಲೀಂ ಭಾಯ್ ಕನ್ನಡ ಕಲಿತದ್ದು ಗಿರಾಕಿಗಳಿಂದ. ಅಂಗಡಿಗೆ ಬರುವ ಕನ್ನಡದವರೆಲ್ಲ ದಿನವಿಡೀ ಫೋನು ಕಿವಿಗೊತ್ತಿಕೊಂಡು "ಹಲೋ, ಗಟ್ಟಿಯಾಗ್ ಮಾತಾಡಿ, ಕೇಳಿಸ್ತಿಲ್ಲ" ಎಂದರೆ ಆ ಮನುಷ್ಯ ಗಟ್ಟಿ ಫೋನು ಎಂಬುದಕ್ಕೆ ಬೇರೆ ಏನು ಅರ್ಥ ಮಾಡಿಕೊಳ್ಳಬೇಕು?

ನಾಳೆಯೇ ಹೋಗಿ ಫೋನಿನ ಬಾಯಿ ಮುಚ್ಚಿಸಿಕೊಂಡು ಬರುತ್ತೇನೆ ಎಂದುಕೊಂಡು ಮನೆಗೆ ನಡೆದೆ. ಗೇಟಿನ ಬಳಿ ಜಗಲಿಯ ಮೇಲೆ ಪಿಳ್ಳಮ್ಮ ದಂಟಿನ ಸೊಪ್ಪು ಬಿಡಿಸುತ್ತ ಕೂತಿದ್ದರು. ಹೊಸ ಫೋನು ತೋರಿಸು ಎಂದರು. ಜೇಬಿನಿಂದ ತೆಗೆದೆ. ಅದು ಬಾಯಿ ತೆರೆಯಿತು.

"ಹೊಸ ಇಮೇಲ್. ಮಾನ್ಯರೇ, ಕಲ್ಯಾಣ ನಗರದ ನಮ್ಮ ನೆಲಮಹಡಿಯ ಮನೆಯನ್ನು ತಮಗೇ ಕೊಡಲು ತೀರ್ಮಾನಿಸಿದ್ದೇವೆ."

ಬೆಚ್ಚಿಬಿದ್ದೆ. ಫೋನು ಎಂದಿನಂತೆ ಕೈಬಿಟ್ಟು ಹಾರಿ, ಜಗಲಿಯ ಅಂಚಿಗೆ ಬಡಿದು, ಚಪ್ಪಡಿ ಕಲ್ಲಿನ ಮೇಲೆ ಎರಡು ಸಲ ಪುಟಿದು ಬಿತ್ತು. ಜೀವಮಾನದಲ್ಲಿ ಮೊದಲ ಬಾರಿಗೆ ಒಂದು ಫೋನು ಒಡೆದುಹೋಗಲಿ ಎಂದು ದೇವರಲ್ಲಿ ಬೇಡಿಕೊಂಡೆ. ಅದರ ಮೇಲೆ ಒಂದು ಗೀರೂ ಬೀಳಲಿಲ್ಲ. ಆಕಾಶ ನೋಡುತ್ತ ಮಲಗಿಕೊಂಡೇ ಅದು ಮುಂದುವರಿಸಿತು: "ತಮ್ಮ ಶ್ರೀಮತಿಯವರ ಮಂಡಿನೋವಿಗೆ ಇಲ್ಲಿ ಅನುಕೂಲವಾಗುವುದು. ಈಗಿನ ಮನೆಯೊಡತಿಗೆ ನೋವಾಗದಂತೆ ವಿಷಯ ತಿಳಿಸುವಿರೆಂದು ನಂಬಿದ್ದೇವೆ."

ಪಿಳ್ಳಮ್ಮ ಸೊಪ್ಪಿನ ತಟ್ಟೆ ಎತ್ತಿಕೊಂಡು ಎದ್ದರು. "ಒಳ್ಳೆ ಫೋನು ಕಣಪ್ಪ, ಎಲ್ಲಾ ಕೇಳುಸ್ತು" ಎಂದು ಹೇಳಿ ಒಳಗೆ ಹೋದರು.

ಆಮೇಲೆ ಸಾರಿನ ಪಾತ್ರೆ ಮೇಲೆ ಬರುವುದು ನಿಂತಿತು. ಎದುರು ಸಿಕ್ಕರೆ ಅವರು ನಮ್ಮ ತಲೆಯ ಮೇಲಿನ ತೆಂಗಿನ ಮರವನ್ನು ನೋಡುತ್ತಿದ್ದರು. ಹಳಬರು ಓಡೋದೋರು, ನಾವು ಓಡೋಗೋರು, ವ್ಯತ್ಯಾಸ ಬರೀ ವ್ಯಾಕರಣದ್ದು. ಮನೆ ಸಿಕ್ಕಿದ ಸಂತೋಷ ಸುಮಿತ್ರೆಗೂ ಇರಲಿಲ್ಲ. ಮೇಷ್ಟ್ರಿಗೆ ಒಪ್ಪಿಗೆ ಬರೆಯಿರಿ ಎಂದು ನನಗೆ ಹೇಳುತ್ತಿದ್ದಳು, ಬರೆಯಲು ಕೂತರೆ ಇವತ್ತು ಬೇಡ ಎನ್ನುತ್ತಿದ್ದಳು. ಅಷ್ಟರಲ್ಲಿ ಒಂದು ಬೆಳಿಗ್ಗೆ ಮೆಟ್ಟಿಲ ಮೇಲೆ ಏದುಸಿರಿನ ಸದ್ದು ಕೇಳಿತು. ಪಿಳ್ಳಮ್ಮ. ನಾನು ನೋಡಿದಂತೆ ಅವರು ಮೂರನೇ ಮಹಡಿಗೆ ಎಂದೂ ಹತ್ತಿದವರಲ್ಲ. ಬಾಗಿಲ ಮುಂದಿನ ಮೆಟ್ಟಿಲ ಮೇಲೆ ಕುಸಿದು ಕೂತರು.

"ಏನ್ ಮೆಟ್ಲಪ್ಪ ಇವು. ಯಾರ್ ಕಟ್ಸಿದ್ದು?"

"ನೀವೇ ಅಮ್ಮಾ."

"ನಾನ್ ಕಟ್ಸಿದ್ದು ನಾನ್ ಹತ್ತಕ್ಕಲ್ಲ." ನೀರು ಕುಡಿದು ಸುಮಿತ್ರೆಯ ಕಡೆ ತಿರುಗಿದರು. "ಮಂಡಿ ನೋವು ಅಂತ ಆ ಮೇಷ್ಟ್ರಿಗೆ ಹೇಳ್ದೆ. ನಂಗ್ಯಾಕಮ್ಮ ಹೇಳ್ಲಿಲ್ಲ?"

ಸುಮಿತ್ರೆ ಸೆರಗಿನೊಳಗೆ ಏನೋ ಗೊಣಗಿದಳು.

"ಏನಂದೆ? ಗಟ್ಟಿಯಾಗ್ ಹೇಳು."

ಸುಮಿತ್ರೆ ಬಾಯಿಂದ ಸೆರಗು ಸರಿಸಿ ಕೂಗಿದಳು: "ನಿಮ್ಮನ್ನ ಬಿಟ್ಟು ಹೋಗೋಕೆ ಇಷ್ಟ ಇಲ್ಲಮ್ಮಾ, ನನ್ನ ಮಂಡಿ ಕೇಳ್ತಿಲ್ಲ." ಎದುರು ಮನೆಯ ಕಿಟಕಿ ತೆರೆಯಿತು. ಕೆಳಗೆ ಸೊಪ್ಪಿನ ಗಾಡಿ ನಿಂತಿತು. ನನಗೂ ಕಣ್ಣು ಒದ್ದೆಯಾಯಿತು, ನಾಚಿಕೆಯೂ ಆಯಿತು. ಇಷ್ಟು ವರ್ಷ ಅವರ ಹತ್ತಿರ ನೀರು ಬಂತು, ಕರೆಂಟು ಹೋಯಿತು ಎಂದೆಲ್ಲ ಕೂಗಿ ಹೇಳಿದ್ದೆವು. ಹೇಳಬೇಕಾದದ್ದನ್ನು ಮಾತ್ರ ಪಿಸುಗುಟ್ಟಿದ್ದೆವು.

ಪಿಳ್ಳಮ್ಮ ನೀರಿನ ಲೋಟ ಕೆಳಗಿಟ್ಟರು. "ಕೆಳಗೆ ಮುಂದ್ಗಡೆ ಮನೆಗ್ ಬನ್ನಿ" ಎಂದರು.

"ಅಲ್ಲಿ ಜನ ಇದ್ದಾರಲ್ಲ ಅಮ್ಮಾ" ಎಂದೆ ನಾನು.

"ಅವ್ರನ್ನ ಮೇಲಕ್ ಹತ್ಸು. ಅವ್ರಿಗ್ ಮಂಡಿ ಇಲ್ಲ."

ಆ ಭಾನುವಾರ ನಾನು ನೇಗಿಲು ಹೊತ್ತು ಮೂರನೇ ಮಹಡಿಗೆ ಹತ್ತಿದೆ. ಉಳುವವರ ವಂಶದಲ್ಲಿ ಹುಟ್ಟದೆ ಇದ್ದುದಕ್ಕೆ ಅವತ್ತು ಪ್ರತಿ ತಿರುವಿನಲ್ಲೂ ಗೋಡೆಗೆ ತಲೆ ತಗುಲಿಸಿಕೊಂಡೆ. ಎರಡನೇ ಮಹಡಿಯ ರಾಯಚೂರು ಕಡೆಯ ಶರಣಪ್ಪ ಬಾಗಿಲಿಗೆ ಬಂದು, "ನೇಗಿಲ ತಗೊಂಡು ಮ್ಯಾಲ ಹೊಂಟೀರಲ್ರೀ ಸರ, ಮ್ಯಾಲ ಹೊಲ ಐತೇನ್ರೀ?" ಎಂದು ಕೇಳಿ, ನಕ್ಕು, ಆಮೇಲೆ ನೊಗಕ್ಕೆ ತಾವೇ ಹೆಗಲು ಕೊಟ್ಟರು. ವಾಡೆಗಳನ್ನು ಪಿಳ್ಳಮ್ಮ ನನ್ನ ಕೈಗೆ ಕೊಡಲೇ ಇಲ್ಲ. ನನ್ನ ಕೈಯ ಕೀರ್ತಿ ಅವರಿಗೂ ಮುಟ್ಟಿತ್ತು.

ಫೋನನ್ನು ಶಿವಾಜಿನಗರಕ್ಕೆ ಒಯ್ಯಲಿಲ್ಲ. ಎರಡೂ ಅರ್ಥದಲ್ಲಿ ಗಟ್ಟಿಯಿರುವ ವಸ್ತುವನ್ನು ಯಾವ ಬಾಯಿಯಿಂದ ವಾಪಸು ಕೊಡುವುದು? ಮೆಟ್ರೋದಲ್ಲಿ ಮಾತ್ರ ಅದನ್ನು ಊಟದ ಡಬ್ಬಿಯೊಳಗೆ ಹಾಕಿ ಮುಚ್ಚಳ ಬಿಗಿದಿರುತ್ತೇನೆ. ಆಗಾಗ ಅನ್ನದ ಪಕ್ಕದಿಂದ ಸಣ್ಣಗೆ ದೂರುಗಳು ಕೇಳಿಬರುತ್ತವೆ.

ಸಾಮಾನು ಇಳಿಸಿ ಮುಗಿದ ಸಂಜೆ ಜಗಲಿಯ ಮೇಲೆ ಕೂತು ಮೇಷ್ಟ್ರಿಗೆ ಉತ್ತರ ಬರೆದೆ. ಈ ಫೋನು ಕಳಿಸುವ ಮೊದಲೂ ಒಮ್ಮೆ ಓದುತ್ತದೆ. "ಮಾನ್ಯರೇ, ತಮ್ಮ ಮನೆ ಬಹಳ ಚೆನ್ನಾಗಿದೆ. ಆದರೂ ಅನಿವಾರ್ಯ ಕಾರಣಗಳಿಂದ ನಮಗೆ ಬೇಡವಾಗಿದೆ, ಕ್ಷಮಿಸಿ" ಎಂದು ಬೀದಿಗೆಲ್ಲ ಸಾರಿತು. ಪಕ್ಕದಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ಪಿಳ್ಳಮ್ಮ ತಲೆಯೆತ್ತಿದರು.

"ಹಂಗ್ಯಾಕಪ್ಪ ಬರೀತೀಯ, ಅವ್ರ ಮನೆ ಬ್ಯಾಡ ಅಂತ? ಪಾಪ, ಬೇಜಾರ್ ಮಾಡ್ಕಂತಾರೆ."

"ಮತ್ತೇನಂತ ಬರೀಲಿ ಅಮ್ಮಾ?"

"ನಮಗ್ ಮನೆ ಸಿಕ್ತು ಅಂತ ಹಾಕು."

ಹಾಗೆಯೇ ಹಾಕಿದೆ.