ಹಗೇವು, ದಿನಚರಿ ಮತ್ತು ನಮ್ಮ ಮಾಸ್ತರು

ಅಟ್ಟದ ಮೇಲಿನ ತಗಡಿನ ಪೆಟ್ಟಿಗೆ ತೆರೆದಾಗ ಒಣಗಿದ ಬೇವಿನೆಲೆಯ ವಾಸನೆ ಮೂಗಿಗೆ ಬಡಿಯಿತು. ಒಳಗೆ ನನ್ನ ಗೋಲಿಗಳು, ಒಂದು ನವಿಲುಗರಿ, ಕುರಿಯ ಕೊರಳಿನ ಗಂಟೆ. ಅವುಗಳ ಕೆಳಗೆ ಸಾಲಿಯಲ್ಲಿದ್ದಾಗ ಬರೆದ ದಿನಚರಿ. ಅದನ್ನು ಕೈಗೆತ್ತಿಕೊಂಡೊಡನೆ ನಮ್ಮ ಮಾಸ್ತರು ನೆನಪಾದರು... ಜೊತೆಗೇ ಆ ಹಳೆಯ ಅನುಮಾನವೂ.

ಕೌತಾಳಂ ಹತ್ತಿರದ ನಮ್ಮೂರಿಗೆ ಅವರು ಬಂದದ್ದು ಯುದ್ಧದ ಕಾಲದಲ್ಲಿ. ಹೊರಗಿನವರು, ಯಾವ ಊರೆಂದು ಕೇಳಿದರೆ ನಕ್ಕು ಮಾತು ತಿರುಗಿಸುತ್ತಿದ್ದರು. ಮನೆಯಲ್ಲಿ ನಡೆದದ್ದನ್ನು ದಿನವೂ ಬರೆದು ತರಬೇಕೆನ್ನುವುದು ಅವರ ಪಾಠದ ರೀತಿ. ಬರೆಯುವುದರಲ್ಲಿ ನಾನೇ ಮುಂದು. ಅಂಗಳದಲ್ಲಿ ನೆಲದೊಳಗೆ ತೋಡಿದ್ದ ನಮ್ಮ ಹಗೇವಿಗೆ ಜೋಳ ತುಂಬಿದ್ದನ್ನೂ ಬರೆದಿದ್ದೆ.

ಆಗ ಸರ್ಕಾರದವರು ಊರೂರು ತಿರುಗಿ ರೈತರಿಂದ ಕಡ್ಡಾಯವಾಗಿ ಲೆವಿ ಜೋಳ ಎತ್ತುತ್ತಿದ್ದರು. ಅದಕ್ಕೇ ಅಪ್ಪ ಹಗೇವಿನ ಬಾಯಿಗೆ ಬಂಡೆ ಮುಚ್ಚಿ, ಮಣ್ಣು ಬಡಿದು, ಗುರುತು ಸಿಗದಂತೆ ಅಂಗಳವನ್ನೆಲ್ಲ ಸಾರಿಸಿದ್ದ. ಕೆಲವು ದಿನಗಳಲ್ಲೇ ಅಧಿಕಾರಿ ಬಂದ. ಮನೆಯೊಳಗೆ ಇಣುಕಲೂ ಇಲ್ಲ. ನೆಟ್ಟಗೆ ಹಗೇವಿನ ಮೇಲೆ ಹೋಗಿ ನಿಂತು, "ಇಲ್ಲೇ ಅಗೀರಿ" ಎಂದ.

ಜೋಳದ ಗಾಡಿ ಹೋದ ಮೇಲೆ ಅಪ್ಪ ನನ್ನ ಕೈಯಲ್ಲೇ ದಿನಚರಿ ಓದಿಸಿದ.

"ಮನಿ ಮಾತು ಯಾಕ ಬರಸ್ತಾನಲೇ ಆ ಮಾಸ್ತರ? ಸರ್ಕಾರದ ಸಂಬಳ ತಿನ್ನಾವ, ಸರ್ಕಾರಕ್ಕಾ ಹೇಳ್ಯಾನ!"

ಅವ್ವ ಬಾಗಿಲ ಮರೆಯಿಂದ ಅಳುಕುತ್ತ ಅಂದಳು: "ಸುಕ್ರಾರ ನಾನಾ ಹಗೇವಿನ ಬಾಯಿಗೆ ಅರಿಶಿಣ ಕುಂಕುಮ ಇಟ್ಟಿದ್ದೆರೀ... ಕಾಳಿನ ಲಕ್ಷ್ಮಿ ಅಲ್ಲೇನು? ಬರೀ ನೆಲದ ಮ್ಯಾಲ ಕುಂಕುಮ ಯಾಕಂತ ಆ ಸಾಹೇಬನಾ ನೋಡಿರಬೇಕು."

"ಸುಮ್ಕಿರು. ಮಾಸ್ತರನ್ನ ಉಳಸಾಕ ನೀ ಒಬ್ಬಾಕಿ ಸಾಕು."

ಮರುದಿನದಿಂದ ನನಗೆ ಸಾಲಿಯಿಲ್ಲ. ಮಾಸ್ತರು ಮನೆಗೇ ಬಂದರು. "ಹುಡುಗ ಚೆನ್ನಾಗಿ ಬರೀತಾನ್ರಿ. ನನ್ನ ಮೇಲಿನ ಸಿಟ್ಟಿಗೆ ಅವನನ್ನ ಬಿಡಿಸಬೇಡ್ರಿ."

"ಬರದದ್ದು ಸಾಕಾಗೈತಿ ಮಾಸ್ತರೇ. ಇನ್ನ ನಾವೇನು ಉಣ್ತೀವಂತ ನೀವಾ ಬಂದು ಗಡಿಗಿ ಇಣುಕ್ರಿ, ಪೋನೀ, ಅದೂ ಒಂದು ಆಗಿಹೋಗ್ಲಿ."

ಅವರು ನನ್ನ ಕಡೆ ತಿರುಗಿದರು. "ನಾನು ಹೇಳಿದೆ ಅಂತ ನಿನಗೂ ಅನ್ಸುತ್ತೇನೋ?"

ನಾನು ಅಪ್ಪನ ಮುಖ ನೋಡಿದೆ. ಆ ವರ್ಷವೇ ಅವರು ವರ್ಗವಾಗಿ ಹೋದರು...

ನಾನು ದುಡಿದೆ. ಅಪ್ಪನ ಹೊಲಕ್ಕೆ ಹೊಲ ಸೇರಿಸಿದೆ, ಯಾರ ಮುಂದೂ ಕೈಚಾಚಲಿಲ್ಲ. ಇವತ್ತು ದಿನಚರಿ ತಿರುವಿದರೆ ಹಗೇವಿನ ಪುಟದ ಕೆಳಗೆ ಮಾಸ್ತರ ರುಜು ಇದೆ. ಓದಿದ್ದಂತೂ ನಿಜ. ಹೇಳಿದರೋ ಇಲ್ಲವೋ, ನನ್ನ ಮನಸ್ಸು ಅವರನ್ನು ಇನ್ನೂ ಪೂರ್ತಿ ನಂಬುವುದಿಲ್ಲ. ಅವ್ವನ ಮಾತನ್ನು ತಳ್ಳಿಹಾಕುವುದೂ ಆಗುವುದಿಲ್ಲ. ಆ ಪುಟದ ಮುಂದಿನ ಹಾಳೆಗಳೆಲ್ಲ ಖಾಲಿ. ಮಾಸ್ತರು ತೀರಿಕೊಂಡು ಎಷ್ಟೋ ವರ್ಷಗಳಾದವಂತೆ. ಎದುರಿಗೆ ಸಿಕ್ಕಿದ್ದರೆ ಹೇಳಿದಿರಾ ಎಂದು ಕೇಳುತ್ತಿದ್ದೆನೋ, ಇನ್ನೊಂದು ಹಾಳೆ ಬರೆದು ಅವರ ಮುಂದೆ ಹಿಡಿಯುತ್ತಿದ್ದೆನೋ... ನನಗೇ ತಿಳಿಯದು.